ಹದಿನಾಲ್ಕನೆಯ ರೀಲು

ಸಿಂದಗಿ
೩ ಜೂನ್ ೨೦೨೪

ರೇವವ್ವಗೆ,

ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯಬೇಕು, ಬರೆದಿದ್ದೇನೆ. ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀ. ಹಿಡಿಯದಿದ್ದರೆ ಹೇಳುತ್ತೇನೆ: ನಾನು ನಿನ್ನ ಅಣ್ಣ ಮಾಳಿಂಗರಾಯ, ಆರು ವರ್ಷದಿಂದ ನಿನ್ನ ಜೊತೆ ಮಾತು ಬಿಟ್ಟವನು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ಬಾಯಿ ನನಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಕಾಗದದಲ್ಲಾದರೆ ಪೆನ್ನು ಎತ್ತಿ ಹಿಡಿಯಬಹುದು.

ತಪ್ಪು ತಿಳಿಯಬೇಡ, ಇದು ವ್ಯವಹಾರದ ಪತ್ರ. ನಮ್ಮ ಟಾಕೀಸನ್ನು ಕೆಡವುತ್ತಿದ್ದೇವೆ. ಆ ಜಾಗದಲ್ಲಿ ಕಲ್ಯಾಣ ಮಂಟಪ ಕಟ್ಟಬೇಕು ಎಂದು ಮಗ ಯಲ್ಲಾಲಿಂಗನ ಹಟ. ಸಿನಿಮಾದಲ್ಲಿ ಲಗ್ನವಾದರೆ ಮಂದಿ ಎದ್ದು ಹೋಗುತ್ತಾರೆ, ಮಂಟಪದಲ್ಲಾದರೆ ಕೂತು ಉಣ್ಣುತ್ತಾರೆ, ಆದ್ದರಿಂದ ಇದೇ ಒಳ್ಳೆಯದು ಎನ್ನುತ್ತಾನೆ. ಮೊನ್ನೆ ಆಪರೇಟರ್ ಚಾಂದಸಾಬನನ್ನು ಕರೆದುಕೊಂಡು ಕ್ಯಾಬಿನ್ ಖಾಲಿ ಮಾಡಲು ಹೋದಾಗ ನನ್ನ ರಿಜಿಸ್ಟರ್ ಸಿಕ್ಕಿತು. ನಿನಗೆ ನೆನಪಿರಬೇಕು, ನೀನೇ ಅದಕ್ಕೆ ಅಳುವಿನ ವಹಿ ಎಂದು ಹೆಸರಿಟ್ಟಿದ್ದೆ. ಯಾವ ಚಿತ್ರ, ಎಷ್ಟನೆಯ ರೀಲು, ಎಷ್ಟು ಮಂದಿ ಅತ್ತರು. ಗೇಟು ಕಾಯಲು ಸೇರಿ ಕೊನೆಗೆ ಟಾಕೀಸನ್ನೇ ಹಿಡಿದವನು ನಾನು. ಪರದೆ ನೋಡಿ ಹಿಡಿದದ್ದಲ್ಲ, ಪರದೆಯ ಬೆಳಕಿನಲ್ಲಿ ಮಂದಿಯ ಮುಖ ನೋಡಿ ಹಿಡಿದದ್ದು. ತಾಯಿ ಸಾಯುವ ರೀಲಿನಲ್ಲಿ ಹೆಂಗಸರು ಅಳುತ್ತಾರೆ, ಗಂಡಸರು ಕೆಮ್ಮುತ್ತಾರೆ. ಅಣ್ಣ ತಂಗಿಯನ್ನು ಗಂಡನ ಮನೆಗೆ ಕಳಿಸುವ ರೀಲಿನಲ್ಲಿ ಕೆಮ್ಮು ಇನ್ನೂ ಜಾಸ್ತಿ.

ಕೆಲಸದ ಮಾತು ಇದು. ‘ಬಿಳಿ ಎತ್ತಿನ ಬಂಡಿ’ ಚಿತ್ರದ ಹಾಳೆಯಲ್ಲಿ ವರ್ಷ ಬರೆದ ಮೂಲೆಯನ್ನು ಗೆದ್ದಲು ತಿಂದಿದೆ. ನೀನು ಪಂಚಮಿಗೆ ಬಂದಿದ್ದಾಗ ನೋಡಿದ ಚಿತ್ರ. ಅದು ಯಾವ ವರ್ಷ ಎಂದು ತಿಳಿಸಿದರೆ ಸಾಕು. ಬೇರೆ ಏನೂ ಬರೆಯುವ ಅಗತ್ಯವಿಲ್ಲ.

ಮಾಳಿಂಗರಾಯ


ಬಸವನ ಬಾಗೇವಾಡಿ
೧೪ ಜೂನ್ ೨೦೨೪

ಅಣ್ಣನಿಗೆ ರೇವವ್ವನ ನಮಸ್ಕಾರ.

ನಿನ್ನ ವ್ಯವಹಾರದ ಪತ್ರ ಮುದ್ದೇಬಿಹಾಳದ ಮನೆಗೆ ಹೋಗಿತ್ತು. ಮಗ್ಗಲ ಮನೆಯ ಗುಂಡವ್ವ ಬಸ್ಸಿನವರ ಕೈಯಲ್ಲಿ ಇಲ್ಲಿಗೆ ಕಳಿಸಿದಳು. ನಾನು, ಇವರು ಇಬ್ಬರೂ ಕೆಲವು ದಿನಗಳಿಂದ ಸುನೀತಾಳ ಮನೆಯಲ್ಲಿದ್ದೇವೆ. ಅವಳಿಗೆ ಆಸ್ಪತ್ರೆಯಲ್ಲಿ ನರ್ಸ್ ಡ್ಯೂಟಿ, ಮನೆಯಲ್ಲಿ ಎರಡು ವರ್ಷದ ಕೂಸು. ನೋಡಿಕೊಳ್ಳಲು ಬಂದಿದ್ದೇವೆ. ಮುಂದೆ ಬರೆದರೆ ಇಲ್ಲಿಗೇ ಬರಿ.

ವರ್ಷ ಕೇಳಿದ್ದೀ. ೧೯೯೬. ಸುನೀತಾಳನ್ನು ತೊಟ್ಟಿಲಿಗೆ ಹಾಕಿದ ವರ್ಷ. ಗೆದ್ದಲು ತಿಂದರೂ ನೀನು ಮರೆಯುವ ವರ್ಷವಲ್ಲ ಅದು. ತೊಟ್ಟಿಲ ಹಗ್ಗಕ್ಕೆ ಕೈ ಹಚ್ಚಿ, “ಇಕಿ ನಮ್ಮ ಯಲ್ಲಾಲಿಂಗನ ಹೇಣ್ತಿ, ಬ್ಯಾರೆ ಯಾರೂ ಕೇಳಾಕ ಬರಬ್ಯಾಡ್ರಿ” ಎಂದು ಮಂದಿಯೆದುರು ಹೇಳಿದವನು ನೀನು. ಅವಳು ದೊಡ್ಡವಳಾಗಿ ಒಲ್ಲೆ ಎಂದಳು. ನಾನು ಅವಳ ಕಡೆ ನಿಂತೆ. ನೀನು ಪಂಚಮಿಗೆ ನನ್ನನ್ನು ಕರೆಯಲು ಬರುವುದನ್ನು ಬಿಟ್ಟೆ. ಆರು ಪಂಚಮಿ ಹೋದವು. ನಿನ್ನ ವಹಿಯಲ್ಲಿ ಇದಕ್ಕೊಂದು ಹಾಳೆ ಇದ್ದರೆ ಬರೆದುಕೋ.

‘ಬಿಳಿ ಎತ್ತಿನ ಬಂಡಿ’ಯನ್ನು ನಾನು ಹನ್ನೊಂದು ಸಲ ನೋಡಿದ್ದೇನೆ, ಎಲ್ಲಾ ಮ್ಯಾಟಿನಿಯಲ್ಲಿ. ಜಗಳವಾಡಿ ಹೋದ ಅಣ್ಣ. ತಂಗಿ ಹಬ್ಬದ ದಿನ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾಳೆ. ಯಾರನ್ನೂ ಕಳಿಸುವುದಿಲ್ಲ, ಹೇಳಿ ಕರೆಸುವುದಿಲ್ಲ. ಕೊನೆಗೆ ಬಂಡಿ ಬಂದು ನಿಲ್ಲುತ್ತದೆ. ಅವನು ಇಳಿದು “ನಡಿ” ಎನ್ನುತ್ತಾನೆ, ಇವಳು ನಡೆಯುತ್ತಾಳೆ. ಶುಭಂ. ಎಷ್ಟು ಚಂದ. ತಪ್ಪಾಯಿತು, ಕ್ಷಮಿಸು ಎಂಬ ಮಾತು ಒಂದೂ ಇಲ್ಲ.

ಈಗ ಟಿ.ವಿ.ಯಲ್ಲಿ ಬರುವ ಚಿತ್ರಗಳಲ್ಲಿ ಬರೀ ಮಾತು. ನಿನ್ನೆ ಒಂದು ನೋಡಿದೆ. ಮೂವರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುತ್ತಾರೆ. ದೊಡ್ಡವನು ತನ್ನ ಪಾಲನ್ನೂ ಕೊಟ್ಟು ಕೈಮುಗಿದು ಹೊರಟುಬಿಡುತ್ತಾನೆ. ಸುನೀತಾ ಕಣ್ಣೊರೆಸಿಕೊಂಡಳು. ನನಗೆ ನಗು ಬಂತು. “ಯಾಕ ನಗ್ತೀಯವ್ವ?” ಎಂದು ಕೇಳಿದಳು. “ಈ ದೊಡ್ಡಣ್ಣ ನಿಮ್ಮ ಮಾವನ ಊರಾಗ ಹುಟ್ಟಿಲ್ಲ ಬಿಡ” ಎಂದೆ.

ರೇವವ್ವ


ಸಿಂದಗಿ
೧೯ ಜೂನ್ ೨೦೨೪

ರೇವವ್ವಗೆ,

ನಿನ್ನ ಪತ್ರ ಮೂವತ್ತೊಂದು ಸಾಲು. ಒಂದೇ ಪ್ರಶ್ನೆ ಕೇಳಿದ್ದೆ, ಮೂವತ್ತು ಸಾಲು ಹೆಚ್ಚಿಗೆ ಕೊಟ್ಟಿದ್ದೀ. ಓದಿದ್ದೇನೆ. ತೊಟ್ಟಿಲಿನ ಮಾತಿಗೆ ಈಗ ಹೋಗುವುದಿಲ್ಲ. ಇಬ್ಬರೂ ಸಿನಿಮಾದ ಬಗ್ಗೆ ಮಾತ್ರ ಬರೆಯೋಣ. ಸಿನಿಮಾದವರು ಜಗಳವಾಡಿದರೆ ನಮ್ಮ ಬಿ.ಪಿ. ಏರುವುದಿಲ್ಲ.

ಹೋದ ಭಾನುವಾರ ಯಲ್ಲಾಲಿಂಗ ವಿಜಯಪುರಕ್ಕೆ ಕರೆದೊಯ್ದು ಹೊಸ ಚಿತ್ರ ತೋರಿಸಿದ. ಕುರ್ಚಿ ಹಿಂದಕ್ಕೆ ಬಾಗುತ್ತದೆ, ಒಳಗೆ ಚಳಿ, ಯಾರೂ ಶಿಳ್ಳೆ ಹಾಕುವುದಿಲ್ಲ. ಚಿತ್ರದಲ್ಲಿ ಅಪ್ಪ ಮಗ ಒಂದೇ ಮನೆಯಲ್ಲಿದ್ದು ಹತ್ತು ವರ್ಷ ಮಾತಾಡಿಲ್ಲ. ಎರಡೂವರೆ ತಾಸು ಇಬ್ಬರೂ ಕಿಟಕಿ ನೋಡುತ್ತಾರೆ. ಕೊನೆಗೆ ಮಗ ಅಪ್ಪನ ಚಪ್ಪಲಿಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿಡುತ್ತಾನೆ, ಚಿತ್ರ ಮುಗಿಯಿತು. ಯಲ್ಲಾಲಿಂಗ ನಿದ್ದೆ ಹೋಗಿದ್ದ. ನಾನು ಅಭ್ಯಾಸದಂತೆ ಹಿಂದೆ ತಿರುಗಿ ಎಣಿಸಿದೆ. ನಲವತ್ತು ಮಂದಿಯಲ್ಲಿ ಏಳು ಜನ ಕಣ್ಣೊರೆಸುತ್ತಿದ್ದರು, ಏಳೂ ಗಂಡಸರು. ನಮ್ಮ ಕಾಲದಲ್ಲಿ ಕೆಮ್ಮುತ್ತಿದ್ದವರು ಈಗ ಅಳುವುದನ್ನು ಕಲಿತಿದ್ದಾರೆ. ನಾನು ಮಾತ್ರ ಕೆಮ್ಮಿದೆ.

ನನಗೆ ಅನ್ನಿಸಿದ್ದು ಬರೆಯುತ್ತೇನೆ. ಚಪ್ಪಲಿ ಸರಿಸಲು ಹತ್ತು ವರ್ಷ ಬೇಕೇ? ಮೊದಲ ವರ್ಷವೇ ಸರಿಸಿದ್ದರೆ ಎಲ್ಲರೂ ಬೇಗ ಮನೆಗೆ ಹೋಗುತ್ತಿದ್ದೆವು. ಆದರೆ ಮೊದಲ ವರ್ಷ ಚಪ್ಪಲಿ ಕಾಣುವುದಿಲ್ಲ, ಸಿಟ್ಟು ಕಾಣುತ್ತದೆ. ಇದು ಚಿತ್ರದ ಬಗ್ಗೆ ಮಾತ್ರ ಹೇಳಿದ್ದು.

ವಹಿಯಲ್ಲಿ ‘ಬಿಳಿ ಎತ್ತಿನ ಬಂಡಿ’ ಮ್ಯಾಟಿನಿ, ಹದಿಮೂರನೆಯ ರೀಲು, ‘ಅಳು ಮತ್ತು ನಗು ಎರಡೂ’ ಎಂದು ಬರೆದಿದ್ದೇನೆ. ಬಂಡಿ ಬಂದಾಗ ನೀನು ಅತ್ತಿದ್ದೆಯೋ ನಕ್ಕಿದ್ದೆಯೋ?

ಮಾಳಿಂಗರಾಯ


ಬಸವನ ಬಾಗೇವಾಡಿ
೨ ಜುಲೈ ೨೦೨೪

ಅಣ್ಣಗೆ,

ಬಂಡಿ ಬಂದಾಗ ನಾನು ಅಳಲೂ ಇಲ್ಲ, ನಗಲೂ ಇಲ್ಲ. ಅತ್ತದ್ದು ಅದಕ್ಕೂ ಮೊದಲು. ತಂಗಿ ಹಬ್ಬದ ಹಿಂದಿನ ದಿನ ಚೀಲ ಕಟ್ಟುತ್ತಾಳೆ, ಸಂಜೆ ಯಾರೂ ಬರದಿದ್ದಾಗ ಒಂದೊಂದೇ ಬಟ್ಟೆ ತೆಗೆದು ಮತ್ತೆ ಗೂಟಕ್ಕೆ ಹಾಕುತ್ತಾಳೆ. ಅಲ್ಲಿ ಹಾಡೂ ಇಲ್ಲ, ಮಾತೂ ಇಲ್ಲ. ನೀನು ಮುಖ ಎಣಿಸುವಾಗ ಆ ರೀಲು ಬಿಟ್ಟಿರಬೇಕು.

ನಾನೂ ಕಟ್ಟುತ್ತೇನೆ. ಆರು ಸಲ ಕಟ್ಟಿದ್ದೇನೆ, ಆರು ಸಲ ಬಿಚ್ಚಿದ್ದೇನೆ. ಈ ಸಲ ಪಂಚಮಿ ಆಗಸ್ಟ್ ಒಂಬತ್ತಕ್ಕೆ. ಅದಕ್ಕೂ ಮೊದಲು ಮುದ್ದೇಬಿಹಾಳಕ್ಕೆ ಹೋಗುತ್ತೇನೆ ಎಂದು ಇವರಿಗೆ ಹೇಳಿದ್ದೇನೆ. ಕರೆಯಲು ಬರುವವರು ಮಗಳ ಮನೆಗೆ ಬರಬಾರದು, ನನ್ನ ಹೊಸ್ತಿಲಿಗೆ ಬರಬೇಕು.

ಬಿಸಿಲು ಜಾಸ್ತಿ. ರೊಟ್ಟಿ ಸೇರುವುದಿಲ್ಲ, ಗಂಜಿ ಕುಡಿಯುತ್ತೇನೆ. ಚಪ್ಪಲಿಯ ಚಿತ್ರ ನನಗೂ ನೋಡಬೇಕು ಎನಿಸಿದೆ. ಆದರೆ ಈಗ ಎರಡೂವರೆ ತಾಸು ಕೂರಲು ಆಗುವುದಿಲ್ಲ, ಕೂಸು ಬಿಡುವುದಿಲ್ಲ.

ರೇವವ್ವ


ಸಿಂದಗಿ
೮ ಜುಲೈ ೨೦೨೪

ರೇವವ್ವಗೆ,

ಸಿನಿಮಾದ ಬಗ್ಗೆ ಮಾತ್ರ ಎಂದು ಒಪ್ಪಂದ ಮಾಡಿಕೊಂಡಿದ್ದೆವು. ನೀನು ಚೀಲ ತಂದು ನನ್ನ ಎದೆಯ ಮೇಲೆ ಇಟ್ಟಿದ್ದೀ. ಆರು ಸಲ ಕಟ್ಟಿದೆ, ಆರು ಸಲ ಬಿಚ್ಚಿದೆ ಎಂದರೆ ಏನರ್ಥ, ನನಗೆ ತಿಳಿಯುವುದಿಲ್ಲವೇ? ಚುಚ್ಚುವುದರಲ್ಲಿ ನೀನು ಅವ್ವನ ಮಗಳು.

ಒಂದು ಮಾತು ನೆನಪಿರಲಿ. ಆ ಚಿತ್ರದ ತಂಗಿ ತೊಟ್ಟಿಲಲ್ಲಿ ಆದ ಮಾತನ್ನು ಮುರಿದವಳಲ್ಲ. ನನ್ನ ಮಗನ ಲಗ್ನಕ್ಕೆ ಹೆಣ್ಣು ಗೊತ್ತಾಗಿದೆ ಎಂದು ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಇಂಡಿಯಲ್ಲಿ, ಮನಗೂಳಿಯಲ್ಲಿ, ಬೀಗರಾಗಲು ಬಂದವರನ್ನೆಲ್ಲ ತಿರುಗಿಸಿ ಕಳಿಸಿದ್ದೇನೆ. ಆಮೇಲೆ ಅವರ ಮುಂದೆ ನನ್ನ ಮುಖ ಹೇಗಿತ್ತು ಎಂದು ಯಾವ ವಹಿಯಲ್ಲೂ ಬರೆದಿಲ್ಲ.

ನಿನ್ನ ಪತ್ರ ಹತ್ತೊಂಬತ್ತು ಸಾಲಿಗೆ ಇಳಿದಿದೆ, ಅಕ್ಷರ ಕೋಳಿ ಕೆದರಿದಂತಿದೆ. ಬರೆಯಲು ಮನಸ್ಸಿಲ್ಲದಿದ್ದರೆ ಬಿಡು. ಮಗಳ ಮನೆಯಲ್ಲಿ ರೊಟ್ಟಿ ಬಡಿಯುವವರೂ ಇಲ್ಲವೇ, ಗಂಜಿ ಕುಡಿಯುತ್ತೀ?

ಮಾಳಿಂಗರಾಯ


ಬಸವನ ಬಾಗೇವಾಡಿ
೨೦ ಜುಲೈ ೨೦೨೪

ಅಣ್ಣಗೆ,

ಬರೆಯಲು ತಡವಾಯಿತು. ಪೆನ್ನು ಸರಿಯಿಲ್ಲ.

ಮಾತು ಕೊಟ್ಟವನು ನೀನು. ಆವತ್ತು ನಾನು ತೊಟ್ಟಿಲು ತೂಗುತ್ತಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ತೊಟ್ಟಿಲಲ್ಲಿದ್ದವಳನ್ನಂತೂ ಕೇಳಲೇ ಇಲ್ಲ.

ಚುಚ್ಚಲು ಬರೆದದ್ದಲ್ಲ. ಬಂಡಿಯವನು ಹೇಳಿ ಕರೆಸದೆ ತಾನಾಗಿ ಬಂದ. ಕರೆಸಿಕೊಂಡು ಬಂದಿದ್ದರೆ ಅದು ಬಂದಂತಲ್ಲ. ಅದಕ್ಕೇ ನಾನು ಆರು ವರ್ಷ ಒಂದು ಫೋನೂ ಮಾಡಲಿಲ್ಲ. ನೀನು ಅದನ್ನು ಸೊಕ್ಕು ಎಂದುಕೊಂಡೆಯೇನು?

ಯಲ್ಲಾಲಿಂಗ ಸುಖವಾಗಿದ್ದಾನಲ್ಲ?

ರೇವವ್ವ


ಸಿಂದಗಿ
೨೪ ಜುಲೈ ೨೦೨೪

ರೇವವ್ವಗೆ,

ಸೊಕ್ಕು ಎಂದೇ ತಿಳಿದಿದ್ದೆ. ನಿನ್ನ ಒಂಬತ್ತು ಸಾಲನ್ನು ಎರಡು ದಿನದಲ್ಲಿ ಎಷ್ಟು ಸಲ ಓದಿದೆ ಎಂದು ಎಣಿಸಿಲ್ಲ.

ಯಲ್ಲಾಲಿಂಗ ಸುಖವಾಗಿದ್ದಾನೆ. ಸುನೀತಾ ಒಲ್ಲೆ ಎಂದದ್ದನ್ನು ಆರು ತಿಂಗಳಿಗೆ ಮರೆತು ಬೇರೆ ಲಗ್ನವಾದ, ಒಂದು ಗಂಡುಮಗುವಿದೆ. ಮೊನ್ನೆ ನಾನು ಏನೋ ಗೊಣಗಿದಾಗ, “ಅಪ್ಪಾ, ಒಲ್ಲೆ ಅಂದಿದ್ದು ನನಗ. ನಾನ ಬಿಟ್ಟೇನಿ. ನೀ ಯಾಕ ಇನ್ನಾ ಹಿಡಕೊಂಡ ಕುಂತೀ?” ಎಂದ. ನಾನು ಚಹಾ ತಣ್ಣಗಾಗಿದೆ ಎಂದು ಬೈದೆ.

ಈಗ ನಿನಗೆ ಒಂದು ಮಾತು ಹೇಳಬೇಕು. ನೀನು ನೋಡಿದ ‘ಬಿಳಿ ಎತ್ತಿನ ಬಂಡಿ’ ಪೂರ್ತಿ ಚಿತ್ರವಲ್ಲ.

ಅದು ಹದಿನಾಲ್ಕು ರೀಲಿನ ಚಿತ್ರ. ಇಂಡಿಯ ಟಾಕೀಸಿನಲ್ಲಿ ಓಡಿ ಮುಗಿದ ಮೇಲೆ ಪ್ರಿಂಟು ನಮ್ಮಲ್ಲಿಗೆ ಬಂತು. ಪಂಚಮಿಯ ವಾರ, ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಮ್ಯಾಟಿನಿಗೆ. ಮೊದಲ ದಿನ ಪೂರ್ತಿ ತೋರಿಸಿದೆ. ಹದಿಮೂರನೆಯ ರೀಲಿನಲ್ಲಿ ಬಂಡಿ ಬರುತ್ತದಲ್ಲ, ಅದು ಜ್ವರದಲ್ಲಿ ಮಲಗಿದ ತಂಗಿ ಕಂಡ ಕನಸು. ಹದಿನಾಲ್ಕನೆಯದರಲ್ಲಿ ಅಣ್ಣ ನಿಜವಾಗಿ ಬರುತ್ತಾನೆ. ಬಾಗಿಲಿಗೆ ಬೀಗ. ಮಗ್ಗಲ ಮನೆಯವರು ಸುದ್ದಿ ಹೇಳುತ್ತಾರೆ. ತಂದ ಸೀರೆಯನ್ನು ಹೊಸ್ತಿಲ ಮೇಲಿಟ್ಟು ಖಾಲಿ ಬಂಡಿ ತಿರುಗಿಸುತ್ತಾನೆ. ಆ ದಿನ ಹೆಂಗಸರು ಅತ್ತದ್ದನ್ನು ನಾನು ಎಣಿಸಲಿಲ್ಲ, ಎಣಿಸುವಂಥ ಅಳುವಲ್ಲ ಅದು. ಒಬ್ಬಳು ಬೆಂಚು ಬಿಟ್ಟು ಏಳಲಿಲ್ಲ. ಮೋರಟಗಿಯ ಕೊನೆಯ ಬಸ್ಸು ತಪ್ಪಿ ಇಪ್ಪತ್ತು ಮಂದಿ ನಿಂತರು. ಹಬ್ಬಕ್ಕೆ ಬಂದವರಿಗೆ ಇದನ್ನು ತೋರಿಸುವುದೇ ಎಂದು ಮರುದಿನ ಹದಿನಾಲ್ಕನೆಯ ರೀಲನ್ನು ಡಬ್ಬಿಯಲ್ಲಿಟ್ಟೆ. ಚಾಂದಸಾಬ ಗಾಜಿನ ಮೇಲೆ ‘ಶುಭಂ’ ಎಂದು ಬರೆದು ಸ್ಲೈಡ್ ಹಾಕಿದ. ನೀನು ಬಂದದ್ದು ಆ ಮರುದಿನದಿಂದ.

ಸಂಜೆ ಆಟಕ್ಕೆ ಮಾತ್ರ ಪೂರ್ತಿ. ಹಾಗಾಗಿ ಈ ತಾಲೂಕಿನ ಹೆಂಗಸರ ಪ್ರಕಾರ ಅಣ್ಣ ಬಂದ, ಗಂಡಸರ ಪ್ರಕಾರ ತಡವಾಗಿ ಬಂದ. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಗಂಡಸೂ ಮನೆಗೆ ಹೋಗಿ ಹೆಂಡತಿಗೆ ಇದನ್ನು ಹೇಳಿಲ್ಲ. ನಿನ್ನ ಗಂಡ ಅಮೋಘಸಿದ್ಧನೂ ಸಂಜೆ ಆಟ ನೋಡಿದವನೇ, ಕೇಳಿ ನೋಡು.

ಆದ್ದರಿಂದ ಬಾಗಿಲಲ್ಲಿ ನಿಂತರೆ ಅಣ್ಣ ಬರುತ್ತಾನೆ ಎಂಬುದು ನಾನು ಕತ್ತರಿ ಹಾಕಿ ಮಾಡಿದ ಕಥೆ, ಅದನ್ನು ನಂಬಬೇಡ. ಈ ಸಲ ನೀನೇ ಬಸ್ ಹತ್ತಿ ಬಾ. ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಆರು ವರ್ಷ ಬಿಟ್ಟು ನಾನು ನಿಮ್ಮ ಓಣಿಗೆ ಬಂದರೆ ಮಂದಿ ಹತ್ತು ಮಾತಾಡುತ್ತಾರೆ. ನೀನು ಬಂದರೆ ಹಬ್ಬಕ್ಕೆ ಬಂದಳು ಎನ್ನುತ್ತಾರೆ, ಅಷ್ಟೇ.

ಮಾಳಿಂಗರಾಯ


ಬಸವನ ಬಾಗೇವಾಡಿ
೩೧ ಜುಲೈ ೨೦೨೪

ಅಣ್ಣ,

ಆ ರೀಲು ನೋಡಿದ್ದೇನೆ. ಹೋದ ದೀಪಾವಳಿಗೆ ಸುನೀತಾ ಫೋನಿನಲ್ಲಿ ಹಾಕಿ ತೋರಿಸಿದಳು. ಅವಳು ಅತ್ತಳು, ನಾನು ಅಳಲಿಲ್ಲ. ಸಿನಿಮಾ ಮಾಡಿದವರಿಗೆ ಅಣ್ಣ ಎಂದರೆ ಗೊತ್ತಿಲ್ಲ. ನಿನಗೆ ಗೊತ್ತಿತ್ತು, ಅದಕ್ಕೆ ಕತ್ತರಿಸಿದೆ. ನಾನು ನಿನ್ನ ಸಿನಿಮಾವನ್ನೇ ನಂಬಿದ್ದೇನೆ.

ಬಸ್ ಹತ್ತುವುದಿಲ್ಲ. ಚೀಲ ಕಟ್ಟಿದೆ.

ರೇವವ್ವ


ಸಿಂದಗಿ
೨೧ ಆಗಸ್ಟ್ ೨೦೨೪

ರೇವವ್ವಗೆ,

ಈ ಪತ್ರಕ್ಕೆ ವಿಳಾಸವಿಲ್ಲ. ಬರೆದು ನಿನ್ನ ಚೀಲದಲ್ಲಿ ಇಡುತ್ತೇನೆ. ಚೀಲ ಈಗ ನನ್ನ ಹತ್ತಿರ ಇದೆ.

ನಿನ್ನ ಕೊನೆಯ ಪತ್ರಕ್ಕೆ ಉತ್ತರ ಬರೆಯಲಿಲ್ಲ. ಬರುತ್ತೇನೆ ಎಂದು ಬರೆದರೆ ನಿನ್ನ ಲೆಕ್ಕದಲ್ಲಿ ಅದು ಬಂದಂತಾಗುವುದಿಲ್ಲ ಎಂದು ಸುಮ್ಮನಿದ್ದೆ. ಎಂಟನೆಯ ತಾರೀಖು, ಪಂಚಮಿಯ ಹಿಂದಿನ ದಿನ, ಬೆಳಿಗ್ಗೆ ಏಳಕ್ಕೆ ಖಲೀಲನ ಕಾರು ಮಾಡಿಕೊಂಡು ಹೊರಟೆ. ಬೇಕೆಂದೇ ಬಿಳಿ ಕಾರು. ಹಿಂದಿನ ಸೀಟಿನಲ್ಲಿ ಹಸಿರು ಇಳಕಲ್ ಸೀರೆ, ಕೆಂಪು ಸೆರಗು.

ದಾರಿಯಲ್ಲಿ ಫೋನು ಮೂರು ಸಲ ರಿಂಗಾಯಿತು. ಮೂರೂ ಸಲ ಸುನೀತಾ. ಖಲೀಲ, “ತಗೋರಿ ಕಾಕಾ, ಒಂದ ಸಮ ಬಡಕೊಳ್ಳಾಕತ್ತೈತಿ” ಎಂದ.

“ಬಡಕೊಳ್ಳಲಿ ಬಿಡು,” ಎಂದೆ. “ಕರದ್ರ ಬಂದಾ ಅಂತ ಆಗಬಾರದು.”

“ಕರಿಯಾಕೇ ಮಾಡ್ಯಾರ ಅಂತ ನಿಮಗ ಹ್ಯಾಂಗ ಗೊತ್ತ್ರಿ?”

“ನೀ ಗಾಡಿ ಹೊಡಿ.”

ನಾಲ್ಕನೆಯ ಸಲ ರಿಂಗಾಗಬಾರದೆಂದು ಫೋನ್ ಬಂದ್ ಮಾಡಿ ಕಿಸೆಯಲ್ಲಿಟ್ಟೆ. ಜೀವಮಾನದಲ್ಲಿ ನಾನು ಇಷ್ಟು ಜಾಣತನ ಮಾಡಿದ್ದು ಇದೇ ಮೊದಲು.

ಮುದ್ದೇಬಿಹಾಳದಲ್ಲಿ ನಿನ್ನ ಬಾಗಿಲಿಗೆ ಬೀಗ. ಗುಂಡವ್ವ ನಿನ್ನ ಹೊಸ್ತಿಲ ಮುಂದೆ ನೀರು ಹಾಕಿ ಗುಡಿಸುತ್ತಿದ್ದಳು. ಹಬ್ಬಕ್ಕೆ ಎಂದುಕೊಂಡೆ. “ನಾ ಸಿಂದಗಿ ಮಾಳಿಂಗರಾಯ, ರೇವವ್ವನ ಅಣ್ಣ. ಪಂಚಮಿಗೆ ಕರಿಯಾಕ ಬಂದೇನ್ರಿ” ಎಂದೆ. ಅವಳು ಕಸಬರಿಗೆ ಹಿಡಿದುಕೊಂಡೇ ನನ್ನನ್ನು ನೋಡಿದಳು.

“ನಿಮಗ ಫೋನ ಹತ್ತಲಿಲ್ಲೇನ್ರಿ?” ಎಂದಳು. “ಮುಂಜಾನಿ ಆರಕ್ಕ ಹೋದಳ್ರಿ. ಬಾಗೇವಾಡಿಯಿಂದ ಕರಕೊಂಡ ಬರಾಕತ್ತಾರ. ತವರ ಸೀರಿ ಸಲುವಾಗಿ ನಿಮಗ ಹಚ್ಚೇ ಹಚ್ಚಿದ್ರು.”

ಹೊಟ್ಟೆಯಲ್ಲಿ ಗಂಟು, ಎಂಟು ತಿಂಗಳಾಗಿತ್ತು, ಎಂದೂ ಹೇಳಿದಳು. ಕೂಸು ನೋಡಿಕೊಳ್ಳಲು ಹೋಗಿದ್ದಲ್ಲ ನೀನು. ಮೂವತ್ತೊಂದು ಸಾಲು, ಹತ್ತೊಂಬತ್ತು, ಒಂಬತ್ತು, ಆರು. ಸಾಲು ಎಣಿಸಿದವನು ನಾನೇ. ನೀನು ಗಂಜಿ ಎಂದೂ ಬರೆದಿದ್ದೆ, ಪೆನ್ನು ಸರಿಯಿಲ್ಲ ಎಂದೂ ಬರೆದಿದ್ದೆ. ಕತ್ತಲೆಯಲ್ಲಿ ಮುನ್ನೂರು ಮಂದಿಯ ಮುಖ ಓದಿದವನಿಗೆ ಹಗಲು ನಿನ್ನ ನಾಲ್ಕು ಕಾಗದ ಓದಲು ಬರಲಿಲ್ಲ.

ಸೀರೆ ತೊಡೆಯ ಮೇಲಿಟ್ಟುಕೊಂಡು ನಿನ್ನ ಕಟ್ಟೆಯ ಮೇಲೆ ಎರಡು ತಾಸು ಕೂತೆ. ಬಾಗಿಲಲ್ಲಿ ಕಾಯುವುದು ಹೇಗಿರುತ್ತದೆ ಎಂದು ಗೊತ್ತಾಯಿತು. ರಸ್ತೆಯ ತಿರುವಿನಲ್ಲಿ ಸದ್ದಾದಾಗಲೆಲ್ಲ ತಾನಾಗಿಯೇ ಏಳುತ್ತೇವೆ. ಒಮ್ಮೆ ಹಾಲಿನ ಗಾಡಿ, ಒಮ್ಮೆ ಟ್ರ್ಯಾಕ್ಟರ್. ಗುಂಡವ್ವ ನೀರು ತಂದುಕೊಟ್ಟು ಎದುರಿಗೆ ಕೂತಳು. ಬಾಯಿ ಖಾರ, ಕೈ ತಣ್ಣಗೆ.

“ದೊಡ್ಡ ಮನಶ್ಯಾರ್ರಿ ನೀವು,” ಎಂದಳು. “ಆರು ಪಂಚಮಿಗೆ ಆರು ಅಡಚಣಿ.”

“ಅಂದ್ರ?”

“ಅಕೀನ ಹೇಳ್ತಿದ್ದಳಲ್ರಿ. ಚೀಲಾ ಹಿಡಕೊಂಡ ಇಲ್ಲೇ ನಿಂದರತಿದ್ಲು. ಯಾಕ ಬರಲಿಲ್ಲವಾ ನಿಮ್ಮ ಅಣ್ಣ ಅಂತ ಓಣ್ಯಾಗಿನವರು ಕೇಳೋರು. ಮೊದಲನೇ ವರ್ಷ ಟಾಕೀಸಿನ್ಯಾಗ ಹೊಸಾ ಪಿಚ್ಚರ ಬಂದೈತಿ ಅಂದ್ಲು. ಆಮ್ಯಾಲ ಹೊಳಿ ಬಂದು ರಸ್ತಾ ಬಂದ್ ಆಗೈತಿ ಅಂದ್ಲು. ಮುಂದಿನ ವರ್ಷ ಕೊರೋನಾ. ಅದರ ಮುಂದ ಸೂಜಿ ಮಾಡಿಸ್ಕೊಂಡು ಜ್ವರ ಬಂದಾವ. ಆಮ್ಯಾಲ ಮೊಮ್ಮಗ ಹುಟ್ಟ್ಯಾನ, ಮನ್ಯಾಗ ಬಾಣಂತಿ ಅದಾಳ. ಹ್ವಾದ ವರ್ಷ ಮೊಣಕಾ­ಲು. ನಿಮ್ಮ ಮೊಣಕಾಲ ಈಗ ಹ್ಯಾಂಗೈತ್ರಿ?”

ನನಗೆ ಮೊಣಕಾಲು ನೋವು ಎಂದೂ ಇರಲಿಲ್ಲ. ಆರರಲ್ಲಿ ಕೊರೋನಾ, ಮೊಮ್ಮಗ ಎರಡೇ ಖರೆ. ಮೊಮ್ಮಗ ಹುಟ್ಟಿದ್ದು ನಿನಗೆ ಯಾರು ತಿಳಿಸಿದರೋ, ನಾನಂತೂ ತಿಳಿಸಿರಲಿಲ್ಲ. ನಾನು ಸಿಂದಗಿಯಲ್ಲಿ ಕೂತು ನಿನ್ನ ಮೇಲೆ ಸಿಟ್ಟು ಬೆಳೆಸುತ್ತಿದ್ದಾಗ ನೀನು ಇಲ್ಲಿ ನಿಂತು ಓಣಿಯ ಮಂದಿಯೆದುರು ನನ್ನ ಮಾನ ಕಾಯುತ್ತಿದ್ದೆ.

ಹತ್ತೂವರೆ ದಾಟಿತ್ತು. ತಿರುವಿನಲ್ಲಿ ಬಿಳಿ ಗಾಡಿ ಕಂಡಿತು. ನಾನು ಎದ್ದು ಹೊಸ್ತಿಲ ಮುಂದೆ ನಿಂತೆ. ಈ ಸಲ ಬಂದವಳು ನೀನು.

ಅಮೋಘಸಿದ್ಧ ಮೊದಲು ಇಳಿದ, ನನ್ನ ಕೈ ಹಿಡಿದ. ಸುನೀತಾ ಬಗಲಲ್ಲಿ ಚೀಲ ಹಿಡಿದಿದ್ದಳು. ಆರು ವರ್ಷದಲ್ಲಿ ಅವಳ ಮುಖ ಪೂರಾ ನಿನ್ನದಾಗಿದೆ. “ಮಾವಾ, ಬೇಸ್ತವಾರ ಬರ್ತಾನ, ನೀವು ಕರಿಯಬ್ಯಾಡ್ರಿ ಅಂತಿದ್ಲು ಅವ್ವ,” ಎಂದಳು. “ಕಡೀಕ ನನಗ ತಡೀಲಿಲ್ಲ, ಫೋನ ಹಚ್ಚಿದೆ. ತಪ್ಪಾತೇನ್ರಿ?”

ಅವಳು ನನ್ನನ್ನು ಕೇಳುತ್ತಾಳೆ, ತಪ್ಪಾಯಿತೇ ಎಂದು.

ತವರಿನ ಸೀರೆ ಹೊದಿಸದೆ ಮಣ್ಣು ಮಾಡುವಂತಿಲ್ಲ. ಹಬ್ಬಕ್ಕೆ ತಂದದ್ದನ್ನೇ ಹೊದಿಸಿದೆ. ಹಸಿರು ನಿನಗೆ ಒಪ್ಪುತ್ತದೆ ಎಂದು ಹೆಂಗಸರು ಅಂದರು.

ಚೀಲದಲ್ಲಿ ಇದ್ದವು: ಎರಡು ಸೀರೆ, ಬಾಚಣಿಗೆ, ಕುಂಕುಮದ ಭರಣಿ, ಒಂದು ಡಬ್ಬಿ ಶೇಂಗಾದ ಉಂಡಿ. ಉಂಡಿ ಕಟ್ಟುವುದು ಆಗದಿದ್ದರೂ ನೀನು ಹಾಸಿಗೆಯಲ್ಲೇ ಕೂತು ಬೆಲ್ಲದ ಹದ ಹೇಳಿಕೊಟ್ಟೆಯಂತೆ. ಒಂಬತ್ತು ಉಂಡಿ. ದಿನಕ್ಕೊಂದು ತಿಂದೆ. ಬೆಲ್ಲ ಸ್ವಲ್ಪ ಕಡಿಮೆಯಾಗಿತ್ತು.

ಮೊನ್ನೆ ಚಾಂದಸಾಬ ಕ್ಯಾಬಿನ್ನಿನಲ್ಲೇ ಉಳಿದಿದ್ದ ಹದಿನಾಲ್ಕನೆಯ ರೀಲಿನ ಡಬ್ಬಿ ತಂದು, ಇದನ್ನೇನು ಮಾಡಲಿ ಎಂದು ಕೇಳಿದ. ನಿನ್ನ ಮನಸ್ಸಿಗೆ ಬಂದಂತೆ ಮಾಡು ಎಂದೆ. ‘ಶುಭಂ’ ಎಂದು ಬರೆದ ಗಾಜನ್ನು ಮಾತ್ರ ಇಟ್ಟುಕೊಂಡೆ, ಪತ್ರದ ಜೊತೆ ಅದೂ ಚೀಲಕ್ಕೆ ಹೋಗುತ್ತದೆ.

ಇನ್ನೊಂದು ಉಳಿದಿದೆ. ಮಣ್ಣು ಮಾಡಿ ಬಂದ ಮೇಲೆ ಕಾಲು ತೊಳೆದುಕೊಳ್ಳಲು ನೀರು ಕೊಡುತ್ತ ಗುಂಡವ್ವ ಮತ್ತೆ ಕೇಳಿದಳು. ಈ ಸಲ ಮಾತಿನಲ್ಲಿ ಖಾರ ಇರಲಿಲ್ಲ. “ಈಗ ಬಂದ್ರಲ್ಲ, ಮೊದಲ ಯಾಕ ಬರಲಿಲ್ರಿ?” ಓಣಿಯವರೆಲ್ಲ ನಿಂತಿದ್ದರು. ನಾಲ್ಕು ತಾಲೂಕಿನಲ್ಲಿ ಮಾತಿಗೆ ಹೆಸರಾದವನು ನಾನು. ನೀನಿದ್ದಿದ್ದರೆ ನೀನೇ ಮುಂದೆ ಬಂದು ಏನಾದರೂ ಒಂದು ಅಡಚಣೆ ಹೇಳುತ್ತಿದ್ದೆ. ನನಗೆ ಒಂದೂ ಹೊಳೆಯಲಿಲ್ಲ.

ನಿನ್ನ ಅಣ್ಣ